ಕ್ವೇಸಾರಿನ ರೋಹಿತ ಓದೋದು ಹೇಗೆ: ಒಂದು ಸ್ಕೇಲು, ಒಂದು ಕಾಗದದ ಪಟ್ಟಿ

ಈ ಸಲ ಗಣಪತಿ ಹಬ್ಬಕ್ಕೆ ಅಕ್ಕನ ಮಗಳು ಧಾರವಾಡದಿಂದ ಪುಣೆಗೆ, ಕೋಥ್ರೂಡಿನ ನಮ್ಮ ಮನೆಗೆ ಬಂದಿದ್ದಳು. ಬಿ.ಎಸ್ಸಿ. ಎರಡನೇ ವರ್ಷ, ಫಿಸಿಕ್ಸ್ ಹುಡುಗಿ. ನನ್ನ ಟೆಲಿಸ್ಕೋಪಿನಲ್ಲಿ ಏನಾದರೂ ನೋಡಬೇಕು ಅಂತ ಆಸೆ ಇಟ್ಟುಕೊಂಡು ಬಂದಿದ್ದಳು, ಮಳೆ ಬಿಡಲೇ ಇಲ್ಲ. "ಮಾಮಾ, ಆಕಾಶನ ಕಾಣದಿದ್ರ ಏನ್ ನೋಡೋದು?" ಅಂತ ಕೇಳಿದಳು. ಅವತ್ತು ರಾತ್ರಿ ಊಟದ ಟೇಬಲ್ ಒರೆಸಿ, ಅದರ ಮೇಲೆ ಎ3 ಕಾಗದ ಹರಡಿ, ಇಬ್ಬರೂ ಕ್ವೇಸಾರಿನ ರೋಹಿತ ಓದಲು ಕೂತೆವು. ಹನ್ನೊಂದು ನೂರು ಕೋಟಿ ವರ್ಷ ಪ್ರಯಾಣ ಮಾಡಿ ಬಂದ ಬೆಳಕು. ಅದನ್ನು ಅಳೆಯಲು ನಮ್ಮ ಹತ್ತಿರ ಇದ್ದದ್ದು ಸ್ಕೂಲಿನ ಸ್ಕೇಲು ಮತ್ತು ಚಾರ್ಟ್ ಪೇಪರಿನ ಒಂದು ಪಟ್ಟಿ.

ಆ ವಿಧಾನವನ್ನೇ ಇಲ್ಲಿ ಪೂರ್ತಿ ಬರೆಯುತ್ತಿದ್ದೇನೆ. ಕೋಡಿಂಗ್ ಬೇಕಿಲ್ಲ. ಎಕ್ಸೆಲ್‌ನಲ್ಲಿ ಒಂದು ಗ್ರಾಫ್ ಹಾಕಲು ಬಂದರೆ ಸಾಕು. ಕಾಲೇಜು ಮಕ್ಕಳು, ಮೇಷ್ಟ್ರುಗಳು, ಸುಮ್ನೆ ಆಸಕ್ತಿ ಇರುವವರು, ಯಾರು ಬೇಕಾದರೂ ಒಂದು ಸಂಜೆಯಲ್ಲಿ ಮಾಡಬಹುದು.

ಮೊದಲು ಎರಡು ಮಾತು. ಕ್ವೇಸಾರ್ ಅಂದರೆ ದೂರದ ಗ್ಯಾಲಕ್ಸಿಯ ನಡುವೆ ಇರುವ ಭಾರೀ ಕಪ್ಪುಕುಳಿ, ಅದರ ಸುತ್ತ ಸುರುಳಿ ಸುತ್ತುತ್ತಾ ಒಳಗೆ ಬೀಳುತ್ತಿರುವ ಬಿಸಿ ಅನಿಲ. ಆ ಅನಿಲ ಎಷ್ಟು ಹೊಳೆಯುತ್ತದೆ ಅಂದರೆ ಸುತ್ತಲಿನ ಗ್ಯಾಲಕ್ಸಿಯೇ ಅದರ ಮುಂದೆ ಮಂಕಾಗುತ್ತದೆ. ಫೋಟೋದಲ್ಲಿ ನೋಡಿದರೆ ಸಾಮಾನ್ಯ ನಕ್ಷತ್ರದ ಚುಕ್ಕೆ, ಅಷ್ಟೇ. ಆ ಚುಕ್ಕೆಯ ಬೆಳಕನ್ನು ಬಣ್ಣ ಬಣ್ಣವಾಗಿ ಬಿಡಿಸಿ, ಯಾವ ತರಂಗಾಂತರದಲ್ಲಿ ಎಷ್ಟು ಬೆಳಕಿದೆ ಅಂತ ಗ್ರಾಫ್ ಹಾಕಿದಾಗ ಮಾತ್ರ ಅದರ ನಿಜ ಗೊತ್ತಾಗುತ್ತದೆ. ಆ ಗ್ರಾಫೇ ರೋಹಿತ, ಸ್ಪೆಕ್ಟ್ರಮ್. ನಕ್ಷತ್ರಗಳ ರೋಹಿತದಲ್ಲಿ ಸಾಮಾನ್ಯವಾಗಿ ಸಣ್ಣ ಸಣ್ಣ ತಗ್ಗು ಕಾಣುತ್ತವೆ. ಕ್ವೇಸಾರಿನಲ್ಲಿ ದಪ್ಪ ದಪ್ಪ ಗುಡ್ಡ ಎದ್ದಿರುತ್ತವೆ. ಒಂದೊಂದು ಗುಡ್ಡವೂ ಯಾವುದೋ ಒಂದು ಮೂಲವಸ್ತುವಿನದು, ಅದನ್ನೇ ಆ ಮೂಲವಸ್ತುವಿನ ಗೆರೆ ಅನ್ನುತ್ತಾರೆ. ತೊಂದರೆ ಏನೆಂದರೆ, ಬ್ರಹ್ಮಾಂಡ ಹಿಗ್ಗುತ್ತಿರುವುದರಿಂದ ಆ ಬೆಳಕಿನ ತರಂಗವೂ ದಾರಿಯಲ್ಲಿ ಹಿಗ್ಗಿರುತ್ತದೆ, ಹಾಗಾಗಿ ಯಾವ ಗುಡ್ಡವೂ ತನ್ನ ಜಾಗದಲ್ಲಿ ಇರುವುದಿಲ್ಲ. ಪುಸ್ತಕದಲ್ಲಿ 1216 ಆಂಗ್‌ಸ್ಟ್ರಾಮ್ (ತರಂಗಾಂತರ ಅಳೆಯುವ ಮಾನ) ಅಂತ ಓದಿದ ಗೆರೆ ನಿಮ್ಮ ಗ್ರಾಫಿನಲ್ಲಿ 4255ರಲ್ಲಿ ಕೂತಿರಬಹುದು. ಹಾಗಿದ್ದರೆ ಗುರುತು ಹಿಡಿಯೋದು ಹೇಗೆ?

ಲಂಗದ ಎಲಾಸ್ಟಿಕ್ ಒಂದು ತುಂಡು ತಗೊಳ್ಳಿ. ಒಂದು ತುದಿಯಿಂದ 2 ಇಂಚಿಗೆ ಒಂದು, 3 ಇಂಚಿಗೆ ಇನ್ನೊಂದು ಪೆನ್ ಗುರುತು ಹಾಕಿ. ಈಗ ಎಳೆಯಿರಿ. 2 ಇಂಚಿನದು 4ಕ್ಕೆ ಹೋದರೆ 3 ಇಂಚಿನದು 6ಕ್ಕೆ ಹೋಗುತ್ತದೆ. ಎರಡೂ ಜಾಗ ಬಿಟ್ಟಿವೆ, ಅವುಗಳ ನಡುವಿನ ದೂರವೂ ಬದಲಾಗಿದೆ, ಆದರೆ ಒಂದನ್ನು ಇನ್ನೊಂದರಿಂದ ಭಾಗಿಸಿದರೆ ಮೊದಲೂ ಒಂದೂವರೆ, ಈಗಲೂ ಒಂದೂವರೆ. ರೋಹಿತ ಓದುವ ಗುಟ್ಟು ಇಷ್ಟೇ. ಒಂಟಿ ಗೆರೆಯ ಜಾಗವನ್ನು ನಂಬಬೇಡಿ, ಎರಡು ಗೆರೆಗಳ ಅನುಪಾತವನ್ನು ನಂಬಿ. ಬೆಳಕು ಎಷ್ಟೇ ಹಿಗ್ಗಲಿ, ಅನುಪಾತ ಅಲುಗಾಡುವುದಿಲ್ಲ.

1963ರಲ್ಲಿ ಖಗೋಳ ವಿಜ್ಞಾನಿ ಮಾರ್ಟನ್ ಶ್ಮಿಟ್ ಮಾಡಿದ್ದೂ ಇದನ್ನೇ. 3ಸಿ 273 ಅನ್ನುವ ರೇಡಿಯೊ ಮೂಲ ಆಕಾಶದಲ್ಲಿ ಸರಿಯಾಗಿ ಎಲ್ಲಿದೆ ಅಂತ ಅದರ ಹಿಂದಿನ ವರ್ಷ ಸಿರಿಲ್ ಹ್ಯಾಜರ್ಡ್ ತಂಡ ಆಸ್ಟ್ರೇಲಿಯಾದ ಪಾರ್ಕ್ಸ್ ಟೆಲಿಸ್ಕೋಪಿನಿಂದ ಪತ್ತೆ ಮಾಡಿತ್ತು, ಚಂದ್ರ ಅದರ ಮುಂದೆ ಹಾದುಹೋಗುವ ಗಳಿಗೆಯನ್ನು ಕಾದು. ಶ್ಮಿಟ್ ಪಾಲೊಮಾರ್‌ನ 200 ಇಂಚಿನ ಟೆಲಿಸ್ಕೋಪಿನಲ್ಲಿ ಅದರ ರೋಹಿತ ತೆಗೆದರು. 4753, 5032, 5632 ಆಂಗ್‌ಸ್ಟ್ರಾಮ್‌ನಲ್ಲಿ ಗೆರೆಗಳು ಕಂಡವು. ಆ ಜಾಗದಲ್ಲಿ ಇರಬೇಕಾದ ಮೂಲವಸ್ತು ಯಾವುದೂ ಗೊತ್ತಿರಲಿಲ್ಲ. ಫೆಬ್ರುವರಿ 5ರಂದು ಅವರು ಆ ಸಂಖ್ಯೆಗಳನ್ನು ಹೈಡ್ರೋಜನ್ನಿನ ಮಾಮೂಲಿ ಗೆರೆಗಳಿಂದ ಒಂದೊಂದಾಗಿ ಭಾಗಿಸಿದರು. 5632 ಭಾಗಿಸು 4861, ಉತ್ತರ 1.16. 5032 ಭಾಗಿಸು 4340, ಅದೂ 1.16. 4753 ಭಾಗಿಸು 4101, ಅದೂ ಅಷ್ಟೇ! ನೀವೂ ಈಗಲೇ ಮೊಬೈಲ್ ಕ್ಯಾಲ್ಕುಲೇಟರಿನಲ್ಲಿ ಹೊಡೆದು ನೋಡಿ, ದಯವಿಟ್ಟು. ಪರಿಚಿತ ಹೈಡ್ರೋಜನ್ನೇ, ಶೇಕಡಾ 16ರಷ್ಟು ಕೆಂಪಿನ ಕಡೆ ಸರಿದಿತ್ತು. ಆ ಭಾಗಾಕಾರದಲ್ಲಿ 1 ಕಳೆದರೆ ಉಳಿಯುವುದೇ ರೆಡ್‌ಶಿಫ್ಟ್, ಇನ್ನೂ ನಿಖರವಾಗಿ 0.158. ಸುಮಾರು 200 ಕೋಟಿ ವರ್ಷ ಹಿಂದೆ ಹೊರಟ ಬೆಳಕು ಅದು. ಕ್ವೇಸಾರುಗಳು ಎಷ್ಟು ದೂರ ಇವೆ ಅನ್ನುವುದು ಜಗತ್ತಿಗೆ ಗೊತ್ತಾದದ್ದು ಇಂಥ ಮೂರ್ನಾಲ್ಕು ಭಾಗಾಕಾರಗಳಿಂದ.

ಈಗ ಕೆಲಸಕ್ಕೆ ಇಳಿಯೋಣ.

ರೋಹಿತ ಎಲ್ಲಿ ಸಿಗುತ್ತದೆ? ಅಮೆರಿಕದ ನ್ಯೂ ಮೆಕ್ಸಿಕೋದಲ್ಲಿ ಅಪಾಚೆ ಪಾಯಿಂಟ್ ಅನ್ನುವ ಬೆಟ್ಟದ ಮೇಲೆ 2.5 ಮೀಟರಿನ ಟೆಲಿಸ್ಕೋಪ್ ಒಂದಿದೆ. ಸ್ಲೋನ್ ಡಿಜಿಟಲ್ ಸ್ಕೈ ಸರ್ವೆ ಅನ್ನುವ ದೊಡ್ಡ ಯೋಜನೆಯ ಟೆಲಿಸ್ಕೋಪು. ಅದು ಅಳೆದ ಕ್ವೇಸಾರುಗಳ ಸಂಖ್ಯೆ 7 ಲಕ್ಷ ದಾಟಿದೆ, ಎಲ್ಲವೂ ಸ್ಕೈಸರ್ವರ್ ಅನ್ನುವ ತಾಣದಲ್ಲಿ ಉಚಿತ. ಹುಡುಕುವಾಗ ವರ್ಗ 'ಕ್ಯೂಎಸ್‌ಒ' ಅಂತ ಕೊಡಿ, ರೆಡ್‌ಶಿಫ್ಟ್ 2.3ರಿಂದ 3.3ರ ನಡುವೆ ಇರಲಿ, ಹೊಳಪು 18.5 ಮ್ಯಾಗ್ನಿಟ್ಯೂಡಿಗಿಂತ ಮಂಕಾದದ್ದು ಬೇಡ (ಮ್ಯಾಗ್ನಿಟ್ಯೂಡ್ ಅಂದರೆ ಹೊಳಪಿನ ಅಳತೆ, ಅಂಕಿ ಹೆಚ್ಚಾದಷ್ಟೂ ಮಂಕು). ಶುರುವಿಗೆ ಈ ರೆಡ್‌ಶಿಫ್ಟೇ ಯಾಕೆ ಅಂದರೆ, ಇಲ್ಲಿ ಮೂರು ಒಳ್ಳೆಯ ಗುಡ್ಡಗಳು ಒಟ್ಟಿಗೆ ಗ್ರಾಫಿನೊಳಗೆ ಬಂದು ಕೂರುತ್ತವೆ. ಇದಕ್ಕಿಂತ ಕಡಿಮೆ ಆದರೆ ಲೈಮನ್-ಆಲ್ಫಾ (ಹೈಡ್ರೋಜನ್ನಿನ 1216ರ ಗೆರೆ) ನೇರಳೆ ಅಂಚಿನಲ್ಲಿ ಜಾರಿ ಹೋಗುತ್ತದೆ. ತುಂಬ ಜಾಸ್ತಿ ಆದರೆ ಬಲಗಡೆಯ ಗುಡ್ಡ ಹೊರಗೆ ಬೀಳುತ್ತದೆ.

ಒಂದು ವಿಷಯ ಖಂಡಿತ ಪಾಲಿಸಿ. ಫೈಲನ್ನು ನೀವೇ ಡೌನ್‌ಲೋಡ್ ಮಾಡಬೇಡಿ, ಮನೆಯಲ್ಲಿ ಬೇರೆಯವರ ಕೈಯಲ್ಲಿ ಮಾಡಿಸಿ. ಆ ಪುಟದಲ್ಲೇ ರೆಡ್‌ಶಿಫ್ಟ್ ಎಷ್ಟು ಅಂತ ಬರೆದಿರುತ್ತದೆ. ಒಮ್ಮೆ ಕಣ್ಣಿಗೆ ಬಿದ್ದರೆ ಮುಗಿಯಿತು, ಆಮೇಲೆ ನೀವು ಅಳೆಯುವುದಿಲ್ಲ, ಉತ್ತರಕ್ಕೆ ಹೊಂದಿಸುತ್ತೀರಿ. ನಮ್ಮಲ್ಲಿ ನಾನು ಐದು ಫೈಲ್ ಇಳಿಸಿ ಹೆಸರು ಅಳಿಸಿ ಒಂದರಿಂದ ಐದು ಅಂತ ನಂಬರ್ ಹಾಕಿ ಅವಳಿಗೆ ಕೊಟ್ಟೆ. ಅವಳು ನನಗೆ ಬೇರೆ ಐದು ಕೊಟ್ಟಳು.

ಸಿಎಸ್‌ವಿ ಫೈಲಿನ ಮೊದಲ ಕಾಲಮ್ ತರಂಗಾಂತರ, ಎರಡನೆಯದು ಬೆಳಕಿನ ಪ್ರಮಾಣ. ಪಕ್ಕದಲ್ಲಿ ಹೊಸ ಕಾಲಮ್ ಮಾಡಿ ತರಂಗಾಂತರದ ಲಾಗ್ ತೆಗೆಯಿರಿ, 10ರ ಲಾಗ್. ಇದು ಯಾಕೆ ಅಂತ ಹೇಳುತ್ತೇನೆ. ಭಾಗಾಕಾರ ಲಾಗ್‌ನಲ್ಲಿ ಕಳೆಯುವ ಲೆಕ್ಕ ಆಗುತ್ತದೆ ಅಂತ ಹೈಸ್ಕೂಲಿನಲ್ಲಿ ಕಲಿತಿದ್ದೆವು ಅಲ್ವಾ, ಅದು ಇಲ್ಲಿ ಚಿನ್ನದಂತೆ ಉಪಯೋಗಕ್ಕೆ ಬರುತ್ತದೆ. ಲಾಗ್ ಗ್ರಾಫಿನಲ್ಲಿ ಎರಡು ಗೆರೆಗಳ ಅನುಪಾತ ಅಂದರೆ ಅವುಗಳ ನಡುವಿನ ಸೆಂಟಿಮೀಟರ್. ರೆಡ್‌ಶಿಫ್ಟ್ ಎಷ್ಟೇ ಇರಲಿ, ಆ ಸೆಂಟಿಮೀಟರ್ ಬದಲಾಗುವುದಿಲ್ಲ. ಇಡೀ ವಿನ್ಯಾಸ ಹಾಗೇ ಬಲಕ್ಕೆ ಜರುಗುತ್ತದೆ, ರೈಲ್ವೆ ಡಬ್ಬಿಗಳು ಹಳಿ ಮೇಲೆ ಜರುಗಿದ ಹಾಗೆ.

ಗ್ರಾಫಿನ ಅಡ್ಡ ಅಕ್ಷ 3.58ರಿಂದ 3.96ರವರೆಗೆ ಇಡಿ. ಹತ್ತಿರ ಹತ್ತಿರ 3800ರಿಂದ 9100 ಆಂಗ್‌ಸ್ಟ್ರಾಮ್ ಅದು. 0.01ಕ್ಕೆ ಒಂದು ಸೆಂಟಿಮೀಟರ್ ಬರುವ ಹಾಗೆ, ಅಂದರೆ ಒಟ್ಟು 38 ಸೆಂಟಿಮೀಟರ್ ಉದ್ದಕ್ಕೆ ಪ್ರಿಂಟ್ ತೆಗೆಸಿ. ಎ3 ಕಾಗದ 42 ಸೆಂಟಿಮೀಟರ್ ಇರುತ್ತದೆ, ಆರಾಮಾಗಿ ಹಿಡಿಸುತ್ತದೆ. ಗ್ರಾಫ್ ತುಂಬ ಒರಟಾಗಿ ಹುಲ್ಲಿನ ಹಾಗೆ ಕಂಡರೆ ಹತ್ತು ಹತ್ತು ಬಿಂದುಗಳ ಸರಾಸರಿ ತಗೊಳ್ಳಿ. ಸ್ಲೋನ್ ರೋಹಿತದಲ್ಲಿ ಒಂದೊಂದು ಬಿಂದು ಲಾಗ್‌ನಲ್ಲಿ 0.0001 ಅಂತರದಲ್ಲಿ ಇರುತ್ತದೆ. ಹತ್ತು ಬಿಂದು ಅಂದರೆ ನಿಮ್ಮ ಕಾಗದದ ಮೇಲೆ ಒಂದೇ ಮಿಲಿಮೀಟರ್. ಅಷ್ಟು ನುಣುಪು ಮಾಡಿದರೆ ಅಗಲ ಗುಡ್ಡಗಳಿಗೆ ಏನೂ ಆಗುವುದಿಲ್ಲ, ಸಣ್ಣ ಚೂಪು ತಗ್ಗುಗಳನ್ನು ನೋಡುವಾಗ ಮಾತ್ರ ನುಣುಪು ಮಾಡದ ಗ್ರಾಫೇ ಬೇಕು.

ಪ್ರಿಂಟ್ ಬಂದ ತಕ್ಷಣ ಮೊದಲ ಕೆಲಸ, ಸ್ಕೇಲು ಇಟ್ಟು 3.60 ಮತ್ತು 3.90ರ ನಡುವೆ ಅಳೆಯುವುದು. ಸರಿಯಾಗಿ 30 ಸೆಂಟಿಮೀಟರ್ ಇರಬೇಕು. ನಾನು ಈ ವಿಧಾನ ಶುರು ಮಾಡಿದ ಹೊಸದರಲ್ಲಿ ಒಂದು ಝೆರಾಕ್ಸ್ ಅಂಗಡಿಯಲ್ಲಿ ಕಾಗದಕ್ಕೆ ಹೊಂದಿಸಿ ಪ್ರಿಂಟ್ ಕೊಟ್ಟಿದ್ದರು, ಗ್ರಾಫ್ ಪೂರ್ತಿ ಕುಗ್ಗಿ ಹೋಗಿತ್ತು. ನೋಡಲು ಚೆನ್ನಾಗೇ ಇತ್ತು. ಎರಡು ಸಂಜೆ ಪಟ್ಟಿ ಹಿಡಿದು ಒದ್ದಾಡಿದೆ, ಯಾವ ಗೆರೆಯೂ ಕೂಡಲಿಲ್ಲ. ಕೊನೆಗೆ ಸ್ಕೇಲು ಇಟ್ಟಾಗ 30 ಇರಬೇಕಾದ ಕಡೆ 27 ಇತ್ತು. ನಿಮಗೂ ಹಾಗೆ ಬಂದರೆ ಇನ್ನೊಂದು ಪ್ರಿಂಟ್ ಬೇಕಿಲ್ಲ, ಪಟ್ಟಿಯ ಅಳತೆಗಳನ್ನೆಲ್ಲಾ 0.9ರಿಂದ ಗುಣಿಸಿಕೊಳ್ಳಿ.

ಈಗ ಪಟ್ಟಿ. ಅಪ್ಪಾ ಬಳವಂತ ಚೌಕದ ಯಾವ ಸ್ಟೇಶನರಿ ಅಂಗಡಿಯಲ್ಲಾದರೂ ಚಾರ್ಟ್ ಪೇಪರ್ ಸಿಗುತ್ತದೆ, ಬೇರೆ ಊರಿನವರಿಗೆ ತಮ್ಮ ಊರಿನ ಅಂಗಡಿ ಇದ್ದೇ ಇದೆ. ಎರಡು ಬೆರಳು ಅಗಲ, 75 ಸೆಂಟಿಮೀಟರ್ ಉದ್ದ ಕತ್ತರಿಸಿ. ಒಂದೇ ಹಾಳೆಯಲ್ಲಿ ಅಷ್ಟು ಉದ್ದ ಬರದಿದ್ದರೆ ಎರಡು ತುಂಡು ಅಂಟಿಸಿ. ಎಡತುದಿಯಲ್ಲಿ ಸೊನ್ನೆ, ಅಲ್ಲಿ ಲೈಮನ್-ಆಲ್ಫಾ. ಅಲ್ಲಿಂದ ಬಲಕ್ಕೆ ಅಳೆದು ಗುರುತು ಹಾಕುತ್ತಾ ಹೋಗಿ:

ಲೈಮನ್-ಆಲ್ಫಾ (1216) – 0
ಸಿಲಿಕಾನ್-4 (1400) – 6.1 ಸೆಂ.ಮೀ.
ಕಾರ್ಬನ್-4 (1549) – 10.5
ಕಾರ್ಬನ್-3 (1909) – 19.6
ಮೆಗ್ನೀಸಿಯಂ-2 (2798) – 36.2
ಹೆಚ್-ಗ್ಯಾಮಾ (4340) – 55.3
ಹೆಚ್-ಬೀಟಾ (4861) – 60.2
ಆಮ್ಲಜನಕ-3 (5007) – 61.5
ಹೆಚ್-ಆಲ್ಫಾ (6563) – 73.2

ಹೆಸರಿನ ಮುಂದಿನ ಅಂಕಿ ನೋಡಿ ಗಲಿಬಿಲಿ ಬೇಡ. ಕಾರ್ಬನ್-4 ಅಂದರೆ ಮೂರು ಇಲೆಕ್ಟ್ರಾನ್ ಕಳೆದುಕೊಂಡ ಕಾರ್ಬನ್, ಮೆಗ್ನೀಸಿಯಂ-2 ಅಂದರೆ ಒಂದು ಕಳೆದುಕೊಂಡದ್ದು. ಯಾವಾಗಲೂ ಅಂಕಿಗಿಂತ ಒಂದು ಕಡಿಮೆ. ಪಟ್ಟಿ ಒಮ್ಮೆ ಮಾಡಿಟ್ಟರೆ ಎಲ್ಲ ಕ್ವೇಸಾರಿಗೂ ಅದೇ. ನನ್ನದು ನಾಲ್ಕು ವರ್ಷದಿಂದ ಕಪಾಟಿನ ಬಾಗಿಲ ಒಳಗೆ ತೂಗುತ್ತಿದೆ.

ಪಟ್ಟಿಯನ್ನು ಪ್ರಿಂಟಿನ ಅಡಿಯ ಅಂಚಿಗೆ ಸಮನಾಗಿ ಇಡಿ. ಎಡದಿಂದ ಬಲಕ್ಕೆ ನಿಧಾನ ಸರಿಸಿ. ಗ್ರಾಫಿನ ದೊಡ್ಡ ಗುಡ್ಡಗಳ ತುದಿಗೆ ಮೊದಲೇ ಪೆನ್ಸಿಲ್ಲಿನಿಂದ ಗೆರೆ ಎಳೆದಿಟ್ಟುಕೊಂಡಿದ್ದರೆ ಸುಲಭ. ಒಂದು ಗುರುತು ಕೂಡಿದರೆ ಏನೂ ಅರ್ಥ ಇಲ್ಲ, ಯಾವ ಗುರುತನ್ನಾದರೂ ಯಾವ ಗುಡ್ಡಕ್ಕಾದರೂ ಕೂಡಿಸಬಹುದು. ಎರಡು ಕೂಡಿದರೆ ಗಮನ ಕೊಡಿ. ಮೂರು ಒಟ್ಟಿಗೆ ಕೂಡಿದವೋ, ಕೈಗೇ ಗೊತ್ತಾಗುತ್ತದೆ, ಬಾಗಿಲ ಚಿಲಕ ಕೂತ ಹಾಗೆ.

ಅವತ್ತು ರಾತ್ರಿ ನಮ್ಮ ಮೂರನೇ ನಂಬರಿನ ಕಾಗದ ಹೀಗಿತ್ತು. ಎಡ ಅಂಚಿನಿಂದ 4.9 ಸೆಂಟಿಮೀಟರಿಗೆ ಎಲ್ಲಕ್ಕಿಂತ ಎತ್ತರದ ಗುಡ್ಡ. 11ರಲ್ಲಿ ಒಂದು ಸಣ್ಣ ಉಬ್ಬು. 15.4ರಲ್ಲಿ ಚೂಪಾದ ದೊಡ್ಡ ಗುಡ್ಡ. 24.5ರಲ್ಲಿ ಅಗಲವಾದ, ಮಂದವಾದ ದಿಬ್ಬ. ಇವುಗಳ ನಡುವೆ 16.6ರಲ್ಲಿ ಸೂಜಿಯ ಹಾಗೆ ಎದ್ದ ಒಂದು ಮೊನೆ. ಅವಳು ಪಟ್ಟಿ ಸರಿಸಿದಳು, ಲೈಮನ್-ಆಲ್ಫಾವನ್ನು 4.9ಕ್ಕೆ ತಂದಳು, ಕಾರ್ಬನ್-4 ಹೋಗಿ 15.4ರಲ್ಲಿ ಕೂತಿತು, ಕಾರ್ಬನ್-3 ಹೋಗಿ 24.5ರಲ್ಲಿ ಕೂತಿತು, ಸಿಲಿಕಾನ್ 11ರಲ್ಲಿ. ಆಮೇಲೆ ಬೆರಳು ಆ ಮೊನೆಯ ಮೇಲೆ ನಿಂತಿತು. "ಮಾಮಾ, ಉಳಿದದ್ದೆಲ್ಲಾ ಕೂಡಾಕತ್ತೈತಿ, ಇದೊಂದ ಯಾಕೋ ಕೂಡವಲ್ತು."

ಕೂಡಬಾರದು. ಅದು ಕ್ವೇಸಾರಿನದೇ ಅಲ್ಲ. ನಮ್ಮ ತಲೆ ಮೇಲಿನ ಗಾಳಿಯದು. ವಾತಾವರಣದ ಮೇಲಿನ ಪದರದಲ್ಲಿ ಆಮ್ಲಜನಕ ರಾತ್ರಿಯೆಲ್ಲಾ ಮಂದವಾಗಿ ಹಸಿರು ಬೆಳಕು ಬಿಡುತ್ತಿರುತ್ತದೆ, ಸರಿಯಾಗಿ 5577 ಆಂಗ್‌ಸ್ಟ್ರಾಮ್‌ನಲ್ಲಿ. ಅದನ್ನು ಲೆಕ್ಕದಲ್ಲಿ ಕಳೆದಿರುತ್ತಾರೆ, ಆದರೂ ಪೂರ್ತಿ ಹೋಗುವುದಿಲ್ಲ, ಒಂದು ಮೊನೆಯೋ ತೂತೋ ಉಳಿಯುತ್ತದೆ. ನಾನು ಮೊದಮೊದಲು ಇದನ್ನು ನಿಜವಾದ ಗೆರೆ ಅಂತ ತಿಳಿದು ತಪ್ಪು ಉತ್ತರ ಬರೆದಿಟ್ಟಿದ್ದೇನೆ. ಈಗ ಪ್ರತಿ ಪ್ರಿಂಟಿನಲ್ಲೂ 16.6 ಸೆಂಟಿಮೀಟರಿಗೆ ಮೊದಲೇ ಕೆಂಪು ಪೆನ್ನಿನಲ್ಲಿ ಅಡ್ಡಗೀಟು ಹಾಕುತ್ತೇನೆ. ಹಾಗೇ 6870 ಮತ್ತು 7600ರ ಹತ್ತಿರ ನಮ್ಮ ಗಾಳಿಯ ಆಮ್ಲಜನಕ ಬೆಳಕು ಹೀರಿದ ತಗ್ಗುಗಳು ಬರಬಹುದು, 8000ದ ಆಚೆಗೆ ಗಾಳಿಯ ಗೆರೆಗಳದೇ ಜಾತ್ರೆ. ಗುರುತಿಸುವ ಸುಲಭ ದಾರಿ ಅಗಲ. ಕ್ವೇಸಾರಿನ ಮುಖ್ಯ ಗೆರೆಗಳು ಅಗಲವಾಗಿರುತ್ತವೆ, ಸೂಜಿ ಮೊನೆ ಕಂಡರೆ ಮೊದಲು ಅನುಮಾನ ಪಡಿ.

ಪಟ್ಟಿ ಕೂತ ಮೇಲೆ ಲೆಕ್ಕ ನಿಮಿಷದ್ದು. ನಮ್ಮ ಮೂರು ಗುಡ್ಡ 4255, 5420, 6680ರಲ್ಲಿ ಇದ್ದವು. 1216, 1549, 1909ರಿಂದ ಭಾಗಿಸಿದರೆ ಮೂರಕ್ಕೂ 3.5. ಒಂದು ಕಳೆದರೆ ರೆಡ್‌ಶಿಫ್ಟ್ 2.5. ಆ ಬೆಳಕು ಹೊರಟಾಗ ಬ್ರಹ್ಮಾಂಡ ಈಗಿಗಿಂತ ಮೂರೂವರೆ ಪಟ್ಟು ಚಿಕ್ಕದಿತ್ತು, ನಮ್ಮ ಸೂರ್ಯ ಹುಟ್ಟಲು ಇನ್ನೂ ಆರು ನೂರು ಕೋಟಿ ವರ್ಷಕ್ಕಿಂತ ಜಾಸ್ತಿ ಬಾಕಿ ಇತ್ತು.

ಎರಡನೇ ದಶಾಂಶದ ಆಚೆಗೆ ಹೋಗಬೇಕು ಅನ್ನುವವರಿಗೆ ಒಂದು ಮಾತು. ಎಲ್ಲ ಗೆರೆಗಳನ್ನೂ ಒಂದೇ ಸಮ ನಂಬಬೇಡಿ. ಲೈಮನ್-ಆಲ್ಫಾದ ಎಡ ಅರ್ಧವನ್ನು ದಾರಿಯ ಅನಿಲ ತಿಂದಿರುತ್ತದೆ, ಬಲಗಡೆ 0.9 ಸೆಂಟಿಮೀಟರಿನಲ್ಲಿ ಸಾರಜನಕದ ಹೆಗಲು ಸೇರಿಕೊಂಡಿರುತ್ತದೆ, ಹಾಗಾಗಿ ತುದಿ ಬಲಕ್ಕೆ ಜರುಗಿದ ಹಾಗೆ ಕಾಣುತ್ತದೆ. ಕಾರ್ಬನ್-4ರ ಅನಿಲ ಬಹಳ ಕ್ವೇಸಾರುಗಳಲ್ಲಿ ನಮ್ಮ ಕಡೆಗೇ ಬೀಸುತ್ತಿರುತ್ತದೆ, ಗೆರೆ ಸ್ವಲ್ಪ ಎಡಕ್ಕೆ ಬೀಳುತ್ತದೆ. ಕಾರ್ಬನ್-3ರ ಜೊತೆ ಸಿಲಿಕಾನ್, ಅಲ್ಯೂಮಿನಿಯಂ ಗೆರೆಗಳು ಬೆರೆತಿರುತ್ತವೆ. ಈ ಸಾಲಿನಲ್ಲಿ ನನಗೆ ಹೆಚ್ಚು ಭರವಸೆ ಮೆಗ್ನೀಸಿಯಂ-2 ಮೇಲೆ. ಆಮ್ಲಜನಕ-3ರ ಜೋಡಿ ಗೆರೆ ಕಂಡರಂತೂ ಕಣ್ಣು ಮುಚ್ಚಿ ಅದನ್ನೇ ಹಿಡಿಯಿರಿ, ತೆಳ್ಳಗೆ ನೆಟ್ಟಗೆ ಇರುತ್ತದೆ. ಅದು ಸಿಗುವುದು ಹತ್ತಿರದ, ರೆಡ್‌ಶಿಫ್ಟ್ 0.8ಕ್ಕಿಂತ ಕಡಿಮೆ ಇರುವ ಕ್ವೇಸಾರುಗಳಲ್ಲಿ ಮಾತ್ರ.

ಒಂದೇ ಗುಡ್ಡ ಕಂಡರೆ? ಹೀಗೂ ಆಗುತ್ತದೆ. 5600ರ ಹತ್ತಿರ ಒಂದೇ ಒಂದು ಅಗಲ ಗೆರೆ, ಮತ್ತೇನೂ ಇಲ್ಲ ಅಂದರೆ ಬಹುಶಃ ಮೆಗ್ನೀಸಿಯಂ-2, ರೆಡ್‌ಶಿಫ್ಟ್ 1. ಆಗ ಕಾರ್ಬನ್-3 ಎಡ ಅಂಚಿಗೆ, 3818ಕ್ಕೆ ಹೋಗಿ ಅರ್ಧಂಬರ್ಧ ಕಾಣುತ್ತದೆ. ಹೆಚ್-ಬೀಟಾ 9700 ದಾಟಿ ಕಾಗದದಿಂದಲೇ ಹೊರಗೆ. ಅಂಚಿನಲ್ಲಿ ಏರುತ್ತಿರುವ ಆ ಅರ್ಧ ಗುಡ್ಡ ಇದೆಯಾ ಅಂತ ಹುಡುಕಿ. ಇಲ್ಲ ಅಂದರೆ ಉತ್ತರದ ಮುಂದೆ ಪ್ರಶ್ನೆ ಚಿಹ್ನೆ ಹಾಕಿ ಬಿಡಿ.

ಅಗಲದ ಮಾತು ಬಂತು. ಆ ಅಗಲದಲ್ಲೇ ಕಪ್ಪುಕುಳಿಯ ಸುತ್ತಲಿನ ಓಟ ಇದೆ. ಅನಿಲದ ಕೆಲವು ಮೋಡಗಳು ನಮ್ಮ ಕಡೆ ಬರುತ್ತಿರುತ್ತವೆ, ಕೆಲವು ದೂರ ಓಡುತ್ತಿರುತ್ತವೆ, ಹಾಗಾಗಿ ಒಂದೇ ಗೆರೆ ಎರಡೂ ಕಡೆ ಹರಡಿಕೊಳ್ಳುತ್ತದೆ. ನಮ್ಮ ಕಾಗದದಲ್ಲಿ ಇದನ್ನು ಅಳೆಯುವುದು ತುಂಬ ಸಲೀಸು, ಯಾಕೆಂದರೆ ಲಾಗ್ ಅಳತೆಯಲ್ಲಿ ಒಂದು ಮಿಲಿಮೀಟರ್ ಎಲ್ಲೇ ಇರಲಿ, ಸೆಕೆಂಡಿಗೆ ಸುಮಾರು 690 ಕಿಲೋಮೀಟರ್ ವೇಗಕ್ಕೆ ಸಮ. ಗುಡ್ಡದ ಬುಡದ ಮಟ್ಟದಿಂದ ತುದಿಯವರೆಗಿನ ಅರ್ಧ ಎತ್ತರದಲ್ಲಿ ಸ್ಕೇಲು ಅಡ್ಡ ಇಡಿ. ನಮ್ಮ ಕಾರ್ಬನ್-4 ಅಲ್ಲಿ 7 ಮಿಲಿಮೀಟರ್ ಅಗಲ ಇತ್ತು. ಏಳು ಸಲ 690, ಹತ್ತಿರ ಹತ್ತಿರ 4,800. ಸೆಕೆಂಡಿಗೆ 4,800 ಕಿಲೋಮೀಟರ್! ಧಾರವಾಡಕ್ಕೆ ಹೋಗಿ ಬರುವ ದಾರಿಯನ್ನು ಒಂದು ಸೆಕೆಂಡಿನಲ್ಲಿ ಐದು ಸಲ ಮುಗಿಸುವ ವೇಗ. ಅವಳು ಸ್ಕೇಲು ಎತ್ತಿ ಮತ್ತೆ ಇಟ್ಟು ಮತ್ತೆ ಅಳೆದಳು. ಏಳೇ ಇತ್ತು.

ಕೆಲವು ಕಾಗದಗಳಲ್ಲಿ ಕಾರ್ಬನ್-4 ಗುಡ್ಡದ ಎಡಪಕ್ಕ ಯಾರೋ ಸನಿಕೆಯಿಂದ ತೋಡಿದ ಹಾಗೆ ಅಗಲವಾದ ಹಳ್ಳ ಇರುತ್ತದೆ. ಅದು ಪ್ರಿಂಟಿನ ದೋಷ ಅಲ್ಲ. ಕ್ವೇಸಾರಿನಿಂದ ನಮ್ಮ ದಿಕ್ಕಿಗೆ ನುಗ್ಗುತ್ತಿರುವ ಅನಿಲ ತನ್ನ ಹಿಂದಿನ ಬೆಳಕನ್ನು ಹೀರಿದ ಗುರುತು. ವೇಗ ಕೆಲವೊಮ್ಮೆ ಬೆಳಕಿನ ವೇಗದ ಹತ್ತನೇ ಒಂದು ಭಾಗ ಮುಟ್ಟುತ್ತದೆ. ಇಂಥ ಕಾಗದ ಸಿಕ್ಕರೆ ಬೇರೆ ಇಡಿ, ರೆಡ್‌ಶಿಫ್ಟಿಗೆ ಬಲಗಡೆಯ ಗೆರೆಗಳನ್ನು ಮಾತ್ರ ಬಳಸಿ.

ಇನ್ನು ನನಗೆ ಎಲ್ಲಕ್ಕಿಂತ ಪ್ರೀತಿಯ ಜಾಗ, ಲೈಮನ್-ಆಲ್ಫಾದ ಎಡಗಡೆ. ಅಲ್ಲಿ ಗ್ರಾಫ್ ಇದ್ದಕ್ಕಿದ್ದಂತೆ ಬಾಚಣಿಗೆ ಹಲ್ಲಿನ ಹಾಗೆ ಆಗುತ್ತದೆ. ಹೊಸಬರು ಇದನ್ನು ಗಲಾಟೆ ಅಂತ ತಿಳಿದು ನುಣುಪು ಮಾಡಿ ಅಳಿಸಿಬಿಡುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ಆ ಒಂದೊಂದು ತಗ್ಗೂ ಕ್ವೇಸಾರಿಗೂ ನಮಗೂ ನಡುವೆ ತೇಲುತ್ತಿರುವ ಹೈಡ್ರೋಜನ್ ಮೋಡ. ಪ್ರತಿ ಮೋಡವೂ ತನ್ನ ಜಾಗದ ರೆಡ್‌ಶಿಫ್ಟಿನಲ್ಲಿ ಅದೇ 1216ರ ಬೆಳಕನ್ನು ಕುಡಿದಿರುತ್ತದೆ. 4000 ಆಂಗ್‌ಸ್ಟ್ರಾಮ್‌ನಲ್ಲಿ ಒಂದು ತಗ್ಗು ಕಂಡರೆ ಅದೇ ಭಾಗಾಕಾರ: 4000 ಭಾಗಿಸು 1216, ಒಂದು ಕಳೆ, 2.29. ಆ ಮೋಡ ಅಲ್ಲಿದೆ. 1971ರಲ್ಲಿ ರೋಜರ್ ಲಿಂಡ್ಸ್ ಇದನ್ನು ಗುರುತಿಸಿದ ಮೇಲೆ ಲೈಮನ್-ಆಲ್ಫಾ ಕಾಡು ಅನ್ನುವ ಹೆಸರು ನಿಂತಿತು. ಕಾಡು ಅನ್ನುವುದು ಸರಿಯಾದ ಹೆಸರೇ, ಮರಗಳ ಸಂದಿಯಿಂದ ಮಾತ್ರ ಬೆಳಕು ಕಾಣುವ ಹಾಗೆ ಇರುತ್ತದೆ. ರೆಡ್‌ಶಿಫ್ಟ್ 6 ದಾಟಿದ ಕ್ವೇಸಾರುಗಳಲ್ಲಿ ಕಾಡು ಎಷ್ಟು ದಟ್ಟ ಅಂದರೆ ಸಂದಿಯೇ ಇರುವುದಿಲ್ಲ, ಗ್ರಾಫ್ ನೆಲಕ್ಕೆ ಅಂಟಿಬಿಡುತ್ತದೆ.

ಲೈಮನ್-ಆಲ್ಫಾ ಗೆರೆಯ ಬಲಗಡೆಯೂ ಸಣ್ಣ ಚೂಪು ತಗ್ಗುಗಳು ಇದ್ದರೆ ಅವು ದಾರಿಯ ಗ್ಯಾಲಕ್ಸಿಗಳ ಅನಿಲದ ಕಾರ್ಬನ್, ಮೆಗ್ನೀಸಿಯಂ ಇತ್ಯಾದಿ. ಮೆಗ್ನೀಸಿಯಂ ಯಾವಾಗಲೂ ಜೋಡಿ, 2796 ಮತ್ತು 2803. ಕಾಗದದ ಮೇಲೆ ಒಂದು ಮಿಲಿಮೀಟರ್ ಅಂತರದ ಅವಳಿ ತಗ್ಗು. ಇಂಥ ದಾರಿಯ ಅನಿಲವನ್ನೇ ಓದಿ ನಮ್ಮ ಪುಣೆಯಿಂದ ಒಂದು ದೊಡ್ಡ ಕೆಲಸ ಆಗಿದೆ. ಗಣೇಶಖಿಂಡದ ವಿಶ್ವವಿದ್ಯಾಲಯದ ಆವರಣದಲ್ಲಿ ಜಯಂತ ನಾರಳೀಕರ್ ಕಟ್ಟಿದ ಐಯುಕಾ ಅನ್ನುವ ಖಗೋಳ ವಿಜ್ಞಾನ ಸಂಸ್ಥೆ ಇದೆಯಲ್ಲ, ಅಲ್ಲಿಯ ಶ್ರೀಆನಂದ್ ಮತ್ತು ಇಬ್ಬರು ಜೊತೆಗಾರರು 2000ದಲ್ಲಿ ಪಿಕೆಎಸ್ 1232+0815 ಅನ್ನುವ ಕ್ವೇಸಾರಿನ ಮುಂದಿರುವ ಅನಿಲದ ಗೆರೆಗಳಿಂದ, ರೆಡ್‌ಶಿಫ್ಟ್ 2.34ರ ಕಾಲದಲ್ಲಿ ಇಡೀ ಬ್ರಹ್ಮಾಂಡ ಎಷ್ಟು ಬೆಚ್ಚಗಿತ್ತು ಅಂತ ಲೆಕ್ಕ ಹಾಕಿದರು. ಬಂದ ಉತ್ತರ 6ರಿಂದ 14 ಕೆಲ್ವಿನ್ ನಡುವೆ. ಸಿದ್ಧಾಂತ ಹೇಳುವುದು 9.1. ಆ 9.1 ಎಲ್ಲಿಂದ ಬಂತು? ಈಗಿನ 2.73 ಗುಣಿಸು 3.34, ಅಂದರೆ ಒಂದು ಕೂಡಿಸು ರೆಡ್‌ಶಿಫ್ಟ್. ನಮ್ಮ ಪಟ್ಟಿಯ ಅದೇ ಸಂಖ್ಯೆ. ನಾರಾಯಣಗಾಂವ್ ಹತ್ತಿರ ಖೋಡದ್‌ನಲ್ಲಿರುವ ಜಿಎಂಆರ್‌ಟಿಯ (ರೇಡಿಯೊ ಟೆಲಿಸ್ಕೋಪು) 30 ದೊಡ್ಡ ಡಿಶ್‌ಗಳು ಹೈಡ್ರೋಜನ್ನಿನ 1420 ಮೆಗಾಹರ್ಟ್ಸ್ ಗೆರೆಯನ್ನು ಹುಡುಕುವಾಗಲೂ ಇದೇ ಲೆಕ್ಕ, ರೆಡ್‌ಶಿಫ್ಟ್ 1 ಇದ್ದರೆ 710ಕ್ಕೆ ಟ್ಯೂನ್ ಮಾಡಬೇಕು.

ಕಾಗದದ ಮೇಲೆ ಕೈ ಕೂತ ಮೇಲೆ ನಿಜವಾದ ಕ್ವೇಸಾರಿನ ಬೆಳಕನ್ನು ಕಣ್ಣಿಗೆ ತಗೊಳ್ಳಬೇಕು ಅನಿಸುತ್ತದೆ. ಆಗ 3ಸಿ 273ಕ್ಕೇ ಹೋಗಿ. 12.9 ಮ್ಯಾಗ್ನಿಟ್ಯೂಡ್, ಸಣ್ಣ ಟೆಲಿಸ್ಕೋಪಿಗೆ ಸಿಗುವ ಕ್ವೇಸಾರ್ ಹೆಚ್ಚುಕಡಿಮೆ ಇದೊಂದೇ. 8 ಇಂಚಿನ ಟೆಲಿಸ್ಕೋಪ್ ಇದ್ದರೆ, ಚಾಕಣದ ದೀಪಗಳನ್ನು ಹಿಂದೆ ಬಿಟ್ಟು ಜುನ್ನರ್ ಕಡೆ ಕತ್ತಲಿರುವ ಜಾಗಕ್ಕೆ ಹೋದರೆ ಕಾಣುತ್ತದೆ. ಮಾರ್ಚ್‌ನಿಂದ ಮೇ ಒಳ್ಳೆಯ ಕಾಲ, ಜೂನ್‌ನಿಂದ ಮಳೆ. ಕನ್ಯಾ ರಾಶಿಯ ಈಟಾ ನಕ್ಷತ್ರದಿಂದ ಈಶಾನ್ಯಕ್ಕೆ ಮೂರೂವರೆ ಡಿಗ್ರಿ. ಪುಣೆಯಿಂದ ನೋಡಿದರೆ ಅದು ದಕ್ಷಿಣೋತ್ತರ ರೇಖೆ ದಾಟುವಾಗ 73 ಡಿಗ್ರಿ ಎತ್ತರದಲ್ಲಿ ಇರುತ್ತದೆ, ಬಹುತೇಕ ನೆತ್ತಿ ಮೇಲೆ. ಒಳ್ಳೆಯ ನಕ್ಷೆ ಇಲ್ಲದೆ ಹೋಗಬೇಡಿ, ಸುತ್ತ ಅದೇ ಹೊಳಪಿನ ನಕ್ಷತ್ರಗಳಿವೆ.

ಕ್ಯಾಮೆರಾ ಇರುವವರು ಬೆಳಕನ್ನು ಬಣ್ಣ ಬಣ್ಣವಾಗಿ ಬಿಡಿಸುವ, ಮಿಲಿಮೀಟರಿಗೆ 100 ಗೆರೆಯ ಗ್ರೇಟಿಂಗ್ ಫಿಲ್ಟರನ್ನು ಕ್ಯಾಮೆರಾ ಮುಂದೆ ತಿರುಗಿಸಿ ಕೂರಿಸಿ. ಗ್ರೇಟಿಂಗಿನಿಂದ ಸೆನ್ಸರಿಗೆ 50 ಮಿಲಿಮೀಟರ್ ಇದ್ದು, ಸೆನ್ಸರಿನ ಪಿಕ್ಸೆಲ್ 4 ಮೈಕ್ರಾನ್ ಇದ್ದರೆ ಒಂದು ಪಿಕ್ಸೆಲಿಗೆ 8 ಆಂಗ್‌ಸ್ಟ್ರಾಮ್ ಬರುತ್ತದೆ. ಅಗಲ ಗೆರೆಗಳಿಗೆ ಇಷ್ಟು ಸಾಕು. ಮೊದಲು ಉತ್ತರೆ ನಕ್ಷತ್ರದ ಫೋಟೋ ತೆಗೆಯಿರಿ, ಉತ್ತರೆ ಮಳೆಗೆ ಹೆಸರು ಕೊಟ್ಟ ನಕ್ಷತ್ರವೇ, ಇಂಗ್ಲಿಷಿನಲ್ಲಿ ಡೆನೆಬೋಲಾ. ಬಿಳಿ ನಕ್ಷತ್ರ, ಅದರಲ್ಲಿ 4340 ಮತ್ತು 4861ರ ಹೈಡ್ರೋಜನ್ ತಗ್ಗುಗಳು ಸ್ಪಷ್ಟ. ಅವುಗಳಿಂದ ನಿಮ್ಮ ಅಳತೆ ಕೂಡಿಸಿಕೊಂಡು, ಕ್ಯಾಮೆರಾ ಅಲುಗಾಡಿಸದೆ 3ಸಿ 273ಕ್ಕೆ ತಿರುಗಿ, ಸಣ್ಣ ಸಣ್ಣ ಎಕ್ಸ್‌ಪೋಶರ್ ತುಂಬ ತೆಗೆದು ಒಟ್ಟಿಗೆ ಸೇರಿಸಿ.

ಹುಡುಕಬೇಕಾದದ್ದು 5632ರ ಉಬ್ಬು, ಶ್ಮಿಟ್ ನೋಡಿದ ಅದೇ ಹೆಚ್-ಬೀಟಾ. ಹೆಚ್-ಆಲ್ಫಾ ಇನ್ನೂ ದೊಡ್ಡದು, ಆದರೆ ಅದು 7599ರ ಹತ್ತಿರ ಬಂದು ಬೀಳುತ್ತದೆ, ಸರಿಯಾಗಿ ನಮ್ಮ ಗಾಳಿಯ ಆಮ್ಲಜನಕ ಹೀರುವ ಪಟ್ಟೆಯ ಮೇಲೆ. ಅಲ್ಲಿ ಗುಡ್ಡದ ತಲೆ ಕಚ್ಚಿ ತೆಗೆದ ಹಾಗೆ ಕಂಡರೆ ಗಾಬರಿ ಬೇಡ, ಅಳತೆಗೆ 5632ನ್ನೇ ತಗೊಂಡು 4861ರಿಂದ ಭಾಗಿಸಿ. ಏಪ್ರಿಲ್‌ನಲ್ಲಿ ಅವಳಿಗೆ ರಜೆ ಸಿಕ್ಕರೆ ನಾವು ಜುನ್ನರ್ ಕಡೆ ಹೋಗುವುದು ಅಂತ ಆಗಿದೆ. ಪಟ್ಟಿಯ ಇನ್ನೊಂದು ಪ್ರತಿಯನ್ನು ಅವಳು ಸುರುಳಿ ಸುತ್ತಿ ಧಾರವಾಡಕ್ಕೆ ತಗೊಂಡು ಹೋಗಿದ್ದಾಳೆ.